ನೇಪಾಳದಲ್ಲಿ ಮೆತ್ತಗಿದ್ದ ಎಮ್ಮೆ ಮಾಂಸ ನಮ್ಮ ಮನೆಯಲ್ಲಿ ರಬ್ಬರ್ ಆಗಿದ್ದೇಕೆ?

ಪ್ರಶ್ನೆ: ದಸರಾ ರಜೆಗೆ ಕಾಠ್ಮಂಡುವಿಗೆ ಹೋಗಿದ್ದೆವು. ಅಲ್ಲಿ ಬಫ್ ಮೊಮೊ (ಎಮ್ಮೆ ಮಾಂಸ ತುಂಬಿದ ಕಡುಬು) ಮತ್ತು ಚೊಯ್ಲಾ (ಖಾರ ಕಲೆಸಿದ ಮಾಂಸ) ತಿಂದೆವು. ಎರಡೂ ಮೆತ್ತಗಿದ್ದವು, ತುಂಬಾ ರುಚಿಯಾಗಿದ್ದವು. ಬೆಂಗಳೂರಿಗೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಎರಡು ಕೆಜಿ ಎಮ್ಮೆ ಮಾಂಸ ತಂದು ನೇರ ಫ್ರೀಜರ್‌ಗೆ ಹಾಕಿದೆ. ಮುಂದಿನ ವಾರ ಅಮೆರಿಕದವರೊಬ್ಬರ ವಿಡಿಯೊ ನೋಡಿ ಅರ್ಧದಷ್ಟನ್ನು ಬಫೆಲೊ ಸ್ಟೇಕ್ ಮಾಡಿದೆ. ಅಗಿಯಲು ಆಗಲಿಲ್ಲ. ಉಳಿದದ್ದಕ್ಕೆ ಸಾರು ಮಾಡಿ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿದೆ, ಆದರೂ ನಾರು ನಾರು. ಬಣ್ಣ ಕಪ್ಪಗಿತ್ತು, ಒಂಥರಾ ವಾಸನೆಯೂ ಇತ್ತು. ಎಮ್ಮೆ ಮಾಂಸ ಅಂದ್ರೆ ಎರಡನೇ ದರ್ಜೆಯದು ಅಂತ ಮನೆಯಲ್ಲಿ ಹೇಳ್ತಾರೆ. ನಿಜವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲ ವಿವರವೂ ಇದೆ. ಒಂದು ಮಾತ್ರ ಇಲ್ಲ. ಆ ಎಮ್ಮೆಯ ವಯಸ್ಸೆಷ್ಟು?

ನಿಮಗೆ ಗೊತ್ತಿರುವ ಸಾಧ್ಯತೆ ಇಲ್ಲ. ಅಂಗಡಿಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆದರೆ ಊಹಿಸುವುದು ಸುಲಭ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆಯ ಪ್ರಕಾರ 13 ವರ್ಷ ತುಂಬದ ಎಮ್ಮೆಯನ್ನಾಗಲಿ ಕೋಣವನ್ನಾಗಲಿ ಕಡಿಯುವಂತಿಲ್ಲ. ಅಂದರೆ ನಮ್ಮ ರಾಜ್ಯದಲ್ಲಿ ಕಾನೂನು ಪ್ರಕಾರ ಕಡಿದ ಎಮ್ಮೆಯ ಮಾಂಸ ನೀವು ತಂದಿದ್ದರೆ, ಅದು 13 ದಾಟಿದ ಪ್ರಾಣಿಯದ್ದು. ನಮ್ಮ ಎಮ್ಮೆಗಳು ನಾಲ್ಕು ವರ್ಷದ ಆಸುಪಾಸಿನಲ್ಲಿ ಮೊದಲ ಕರು ಹಾಕುತ್ತವೆ. 13ರ ಹೊತ್ತಿಗೆ ಐದಾರು ಕರು ಹಾಕಿ, ವರ್ಷಗಟ್ಟಲೆ ಹಾಲು ಕೊಟ್ಟು, ಮೈ ಇಳಿದಿರುತ್ತದೆ. ಅಂಥ ಜೀವದ ತೊಡೆಯ ಮಾಂಸವನ್ನು ನೀವು ಎರಡು ನಿಮಿಷ ಕಾವಲಿಯ ಮೇಲಿಟ್ಟು ತಿನ್ನಲು ನೋಡಿದ್ದೀರಿ. ಅದು ಆಗದ ಕೆಲಸ.

ಕಾನೂನು ಸರಿಯೋ ತಪ್ಪೋ ಎಂಬುದು ಇಲ್ಲಿನ ಮಾತಲ್ಲ. ನಾನು ಪಶುವೈದ್ಯ, ಮಾಂಸ ತಪಾಸಣೆಯ ಕೆಲಸವನ್ನೇ ಬಹಳ ವರ್ಷ ಮಾಡಿದವನು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಎಮ್ಮೆ ಮಾಂಸ ಎರಡನೇ ದರ್ಜೆಯದಲ್ಲ. ಒಂದೇ ವಯಸ್ಸಿನ, ಒಂದೇ ಥರ ಮೇವು ತಿಂದು ಬೆಳೆದ ಎಮ್ಮೆ ಮತ್ತು ದನದ ಮಾಂಸವನ್ನು ಪಕ್ಕಪಕ್ಕ ಬೇಯಿಸಿ ಕೊಟ್ಟರೆ ಬಹಳ ಜನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ನಮ್ಮಲ್ಲಿ ಎಳೆಯ ಎಮ್ಮೆಯ ಮಾಂಸ ತಿಂದವರೇ ಕಮ್ಮಿ. ಮುದಿ ಎಮ್ಮೆಯನ್ನು ತಿಂದು ಇಡೀ ಜಾತಿಗೇ ಕೆಟ್ಟ ಹೆಸರು ಕೊಟ್ಟಿದ್ದೇವೆ.

ವಯಸ್ಸು ಏನು ಮಾಡುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಮಾಂಸ ಅಂದರೆ ಸಣ್ಣ ಸಣ್ಣ ಎಳೆಗಳ ಕಟ್ಟು. ಆ ಎಳೆಗಳನ್ನು ಸುತ್ತಿ ಹಿಡಿದಿರುವುದು ಕೊಲಾಜನ್ ಎಂಬ ಬಿಳಿ ನಾರು. ವಯಸ್ಸಾದಂತೆ ಈ ನಾರು ಜಾಸ್ತಿ ಆಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಪ್ರಮಾಣ ಅಷ್ಟೇನೂ ಬದಲಾಗುವುದಿಲ್ಲ. ಬದಲಾಗುವುದು ಅದರ ಗುಣ. ಎಳೆ ಪ್ರಾಣಿಯಲ್ಲಿ ಈ ನಾರುಗಳ ನಡುವೆ ಕೊಂಡಿಗಳು ಕಮ್ಮಿ. ಬಿಸಿ ತಾಗಿದರೆ ಸಲೀಸಾಗಿ ಕರಗಿ ಅಂಟಂಟಾದ ಜೆಲಾಟಿನ್ ಆಗುತ್ತದೆ. ವರ್ಷ ಕಳೆದಂತೆ ಒಂದು ನಾರಿನಿಂದ ಇನ್ನೊಂದಕ್ಕೆ ಅಡ್ಡ ಕೊಂಡಿಗಳು ಬೀಳುತ್ತಾ ಹೋಗುತ್ತವೆ. ಆಗ ಸಣ್ಣ ಬಿಸಿಗೆ ಅದು ಕರಗುವುದೇ ಇಲ್ಲ, ಬದಲಿಗೆ ಮುದುಡಿಕೊಂಡು ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ನಿಮ್ಮ ಸ್ಟೇಕಿಗೆ ಆದದ್ದು ಇದೇ. ಸಾರಿಗೆ ಆದದ್ದೂ ಅರ್ಧ ಇದೇ. ನಾಲ್ಕು ಕೂಗಿನ ಹೊತ್ತಿಗೆ ನಾರು ಮುದುಡಿತ್ತು, ಕರಗುವಷ್ಟು ಹೊತ್ತು ಸಿಗಲಿಲ್ಲ.

ಇನ್ನು ಆ ವಿಡಿಯೊ ವಿಷಯ. ಅಮೆರಿಕದಲ್ಲಿ ಬಫೆಲೊ ಅನ್ನುವುದು ಬೈಸನ್ ಎಂಬ ಬೇರೆಯೇ ಪ್ರಾಣಿಯನ್ನು. ಮೈತುಂಬ ಕೂದಲು, ಭುಜದ ಮೇಲೆ ದೊಡ್ಡ ಡುಬ್ಬ. ಅದು ನಮ್ಮ ಎಮ್ಮೆಗಿಂತ ದನಕ್ಕೆ ಹತ್ತಿರದ ನೆಂಟ. ಅಲ್ಲಿನ ಫಾರಂಗಳಲ್ಲಿ ಅದನ್ನು ಹೆಚ್ಚಾಗಿ ಎರಡು, ಎರಡೂವರೆ ವರ್ಷಕ್ಕೇ ಕಡಿಯುತ್ತಾರೆ. ಹಾಗಾಗಿ ಆ ವಿಡಿಯೊದ ಲೆಕ್ಕ ನಿಮ್ಮ ಪಾತ್ರೆಗೆ ಹೊಂದುವುದಿಲ್ಲ.

ನೇಪಾಳದಲ್ಲಿ ಯಾಕೆ ಮೆತ್ತಗಿತ್ತು? ಅಲ್ಲಿ ಗೋವನ್ನು ಕಡಿಯುವುದು ಅಪರಾಧ. ಆದರೆ ಎಮ್ಮೆ ಕೋಣಕ್ಕೆ ಆ ತಡೆ ಇಲ್ಲ. ಕಾಠ್ಮಂಡು ಕಣಿವೆಯ ನೇವಾರ ಸಮುದಾಯದವರಿಗೆ ಅದು ದಿನದ ಊಟ, ಹಬ್ಬದ ಊಟ ಎರಡೂ. ಅಲ್ಲಿ ಹೆಚ್ಚಾಗಿ ಕಡಿಯುವುದು ರಾಂಗೊ, ಅಂದರೆ ಕೋಣ. ಹಾಲು ಕೊಡುವ ಎಮ್ಮೆಯನ್ನು ಯಾರೂ ಸುಮ್ನೆ ಕಳೆದುಕೊಳ್ಳುವುದಿಲ್ಲ ಅಲ್ವಾ. ಕೋಣವನ್ನಾದರೆ ಮುದಿಯಾಗುವ ತನಕ ಇಟ್ಟುಕೊಳ್ಳಬೇಕಾದ ಕಾರಣ ಕಮ್ಮಿ.

ಇದಕ್ಕಿಂತ ಮುಖ್ಯವಾದದ್ದು ನೇವಾರರ ಅಡುಗೆಯ ಜಾಣತನ. ಮೊಮೊಗೆ ಮಾಂಸವನ್ನು ಕೈಮ ಮಾಡುತ್ತಾರೆ. ಕೈಮ ಮಾಡಿದ ಮೇಲೆ ನಾರಿನ ಪ್ರಶ್ನೆಯೇ ಉಳಿಯುವುದಿಲ್ಲ, ಕತ್ತಿಯೇ ಅದನ್ನು ತುಂಡು ಮಾಡಿರುತ್ತದೆ. ಆದ್ದರಿಂದ ಮೊಮೊ ತಿಂದು ಮಾಂಸ ಎಳೆಯದೋ ಬಲಿತದ್ದೋ ಅಂತ ಹೇಳಲು ಬರುವುದಿಲ್ಲ. ಚೊಯ್ಲಾದಲ್ಲಿ ಎರಡು ಬಗೆ ಇದೆ. ಹಾಕು ಚೊಯ್ಲಾ ಅಂದರೆ ಹುಲ್ಲಿನ ಉರಿಯಲ್ಲಿ ಮೇಲ್ಮೈ ಕಪ್ಪಾಗುವಂತೆ ಸುಟ್ಟದ್ದು. ಮನ ಚೊಯ್ಲಾ ಅಂದರೆ ಬೇಯಿಸಿದ್ದು. ಎರಡರಲ್ಲೂ ಮಾಂಸವನ್ನು ಚಿಕ್ಕ ಚಿಕ್ಕದಾಗಿ ಹೆಚ್ಚಿ, ಖಾರ ಕಲೆಸಿ, ಮೆಂತ್ಯ ಸಿಡಿಸಿದ ಸಾಸಿವೆ ಎಣ್ಣೆ ಸುರಿಯುತ್ತಾರೆ. ಕೊಬ್ಬು ಕಮ್ಮಿ ಇರುವ ಮಾಂಸಕ್ಕೆ ಹೊರಗಿನಿಂದ ಎಣ್ಣೆ ಕೊಡುವ ಈ ಉಪಾಯ ನನಗೆ ಬಹಳ ಇಷ್ಟ. ನೇವಾರರು ಕಚಿಲಾ ಅಂತ ಹಸಿ ಕೈಮವನ್ನೂ ತಿನ್ನುತ್ತಾರೆ. ಅದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಹಸಿ ಮಾಂಸದಲ್ಲಿ ಲಾಡಿಹುಳುವಿನ ಮರಿಗಳು ಇರಬಹುದು, ರೋಗಾಣುಗಳೂ ಇರಬಹುದು. ಇಷ್ಟು ವರ್ಷ ಮಾಂಸ ತಪಾಸಣೆ ಮಾಡಿದ ನಾನೇ ಅದನ್ನು ಮುಟ್ಟುವುದಿಲ್ಲ.

ಅಷ್ಟು ದೂರ ಯಾಕೆ, ಗಡಿ ದಾಟಿ ಕೇರಳಕ್ಕೆ ಹೋಗಿ ನೋಡಿ. ಅಲ್ಲಿ ಪೋತ್ತು ಅಂದರೆ ಕೋಣ. ಹರಿಯಾಣದ ಕಡೆಯಿಂದ ಮುರ್ರಾ ತಳಿಯ ಗಂಡುಗರುಗಳನ್ನು ತಂದು, ಒಂದೆರಡು ವರ್ಷ ಚೆನ್ನಾಗಿ ಮೇಯಿಸಿ ಮಾಂಸಕ್ಕೆಂದೇ ಸಾಕುವ ಮನೆಗಳು ಅಲ್ಲಿ ಬೇಕಾದಷ್ಟಿವೆ. ತೆಂಗಿನ ಚೂರು, ಕರಿಬೇವು, ಕರಿಮೆಣಸು ಹಾಕಿ ಒಣಗಲು ಹುರಿದ ಪೋತ್ತು ಉಲರ್ತಿಯದು ಎಂಬ ಪಲ್ಯವನ್ನು ಆ ಮಾಂಸದಲ್ಲಿ ಒಮ್ಮೆ ತಿಂದರೆ ಎಮ್ಮೆ ಮಾಂಸ ಕಳಪೆ ಎನ್ನುವ ಮಾತು ನಿಮ್ಮ ಬಾಯಲ್ಲಿ ಬರುವುದಿಲ್ಲ. ಎಳೆಯ ಕೋಣದ ಮಾಂಸ ಹದವಾದ ರುಚಿಯದು. ಸಣ್ಣಗೆ ಸಿಹಿ ಇರುತ್ತದೆ. ಮೂಗಿಗೆ ಬಡಿಯುವ ವಾಸನೆ ಇರುವುದಿಲ್ಲ.

ಇಲ್ಲಿ ನನ್ನ ಮನಸ್ಸಿಗೆ ನೋವಾಗುವ ಒಂದು ವಿಷಯ ಹೇಳಿಬಿಡುತ್ತೇನೆ. 2019ರ ಜಾನುವಾರು ಗಣತಿಯಲ್ಲಿ ನಮ್ಮ ದೇಶದಲ್ಲಿ ಸುಮಾರು 11 ಕೋಟಿ ಎಮ್ಮೆಗಳಿದ್ದವು. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಎಮ್ಮೆ ಇಲ್ಲೇ ಇವೆ. ಅವುಗಳಿಗೆ ಹುಟ್ಟುವ ಕರುಗಳಲ್ಲಿ ಸರಿಸುಮಾರು ಅರ್ಧ ಗಂಡು. ಆ ಕರುಗಳು ಎಲ್ಲಿ ಹೋದವು? ಬಹಳಷ್ಟು ಡೈರಿಗಳಲ್ಲಿ ಗಂಡುಗರುವಿಗೆ ಹಾಲು ಬಿಡುವುದಿಲ್ಲ. ಹಾಲು ಮಾರಿದರೆ ದುಡ್ಡು, ಕರು ಕುಡಿದರೆ ನಷ್ಟ ಎನ್ನುವ ಲೆಕ್ಕ. ಎಷ್ಟೋ ಕರುಗಳು ಕೆಲವೇ ವಾರಗಳಲ್ಲಿ ಹಸಿವು ಮತ್ತು ಭೇದಿಯಿಂದ ಸಾಯುತ್ತವೆ. ಬಡಕಲು ಕರುವಿನ ಪಕ್ಕದಲ್ಲಿ ಕೂತು ಡ್ರಿಪ್ ಹಾಕಿದ ದಿನಗಳು ನನಗೆ ಇನ್ನೂ ಮರೆತಿಲ್ಲ. ಈ ಕರುಗಳನ್ನು ಉಳಿಸಿ ಸಾಕಬೇಕೆಂದು ಕೇಂದ್ರ ಸರಕಾರ 11ನೇ ಪಂಚವಾರ್ಷಿಕ ಯೋಜನೆಯಲ್ಲಿ ಒಂದು ಕಾರ್ಯಕ್ರಮವನ್ನೇ ತಂದಿತ್ತು. ಒಳ್ಳೆಯ ಮಾಂಸ ಆಗಬಹುದಾದ ಪ್ರಾಣಿ ಕೊಟ್ಟಿಗೆಯ ಮೂಲೆಯಲ್ಲಿ ಸಾಯುತ್ತದೆ. ಹಾಲು ಬತ್ತಿದ ಅದರ ತಾಯಿ ಮಾಂಸದಂಗಡಿಗೆ ಬರುತ್ತದೆ. ನೀವು ಅಗಿಯಲಾರದೆ ಬಿಟ್ಟ ತುಂಡಿನ ಹಿಂದೆ ಇಷ್ಟು ಕಥೆ ಇದೆ.

ಬಣ್ಣದ ಬಗ್ಗೆ ಕೇಳಿದ್ದೀರಿ. ಎಮ್ಮೆಯ ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಎಂಬ ಕೆಂಪು ಪದಾರ್ಥ ದನಕ್ಕಿಂತ ಜಾಸ್ತಿ. ವಯಸ್ಸಾದಂತೆ ಇನ್ನೂ ಜಾಸ್ತಿ ಆಗುತ್ತದೆ. ಆಗ ತಾನೇ ಕತ್ತರಿಸಿದಾಗ ನೇರಳೆ ಬಣ್ಣ ಇರುತ್ತದೆ, ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಕೆಂಪಾಗುತ್ತದೆ, ಆಮೇಲೆ ಕಂದು. ಹಾಗಾಗಿ ಕಪ್ಪಗಿದ್ದ ಮಾತ್ರಕ್ಕೆ ಹಳಸಿದೆ ಅಂತಲ್ಲ. ಹಳಸಿದ್ದನ್ನು ಮೂಗು ಮತ್ತು ಬೆರಳು ಹೇಳುತ್ತವೆ. ಹುಳಿ ವಾಸನೆ ಬಂದರೆ, ಮುಟ್ಟಿದಾಗ ಲೋಳೆ ಲೋಳೆ ಅನ್ನಿಸಿದರೆ ಬೇಡ.

ಕೊಬ್ಬನ್ನು ನೋಡಿದರೆ ಎಮ್ಮೆಯೋ ದನವೋ ಎಂದು ಸಾಕಷ್ಟು ಮಟ್ಟಿಗೆ ತಿಳಿಯುತ್ತದೆ. ದನದ ಕೊಬ್ಬು ಹಳದಿ ಛಾಯೆ ಇರುತ್ತದೆ. ಎಮ್ಮೆಯದು ಅಚ್ಚ ಬಿಳಿ. ಹಸಿರು ಮೇವಿನಲ್ಲಿರುವ ಕ್ಯಾರೊಟಿನ್ ಎಂಬ ಹಳದಿ ಪದಾರ್ಥವನ್ನು ಎಮ್ಮೆ ಪೂರ್ತಿ ವಿಟಮಿನ್ ಎ ಮಾಡಿಕೊಳ್ಳುತ್ತದೆ, ಕೊಬ್ಬಿನಲ್ಲಿ ಬಣ್ಣ ಉಳಿಯುವುದಿಲ್ಲ. ಎಮ್ಮೆ ಬೆಣ್ಣೆ ಬೆಳ್ಳಗೆ, ಹಸುವಿನ ಬೆಣ್ಣೆ ಹಳದಿ ಇರುವುದೂ ಇದೇ ಕಾರಣಕ್ಕೆ. ಈ ಬಿಳಿ ಕೊಬ್ಬು ಆರಿದರೆ ಬೇಗ ಗಟ್ಟಿಯಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ನೀವು ಹೇಳಿದ ವಾಸನೆ ಬಹುಪಾಲು ಅದರಲ್ಲೇ ಇರುತ್ತದೆ. ಬೇಯಿಸುವ ಮೊದಲು ಹೊರಗಿನ ಕೊಬ್ಬನ್ನು ಕತ್ತರಿಸಿ ತೆಗೆಯಿರಿ, ಊಟ ಬಿಸಿ ಇರುವಾಗಲೇ ಮಾಡಿ. ಅರ್ಧ ದೂರು ಅಲ್ಲಿಗೇ ಹೋಗುತ್ತದೆ. ಮಾಂಸದ ಒಳಗಂತೂ ಕೊಬ್ಬು ಬಹಳ ಕಮ್ಮಿ. ಕೊಬ್ಬು ತೆಗೆದ 100 ಗ್ರಾಂ ಹಸಿ ಎಮ್ಮೆ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು 2 ಗ್ರಾಂಗಿಂತಲೂ ಕಮ್ಮಿ. ಆರೋಗ್ಯಕ್ಕೆ ಇದು ಒಳ್ಳೆಯದು. ಅಡುಗೆ ಮಾಡುವವರಿಗೆ ಕಷ್ಟ, ಸ್ವಲ್ಪ ಎಚ್ಚರ ತಪ್ಪಿದರೂ ಒಣಗುತ್ತದೆ.

ವಯಸ್ಸಿನಷ್ಟೇ ದೊಡ್ಡ ಮಾತು ಇನ್ನೊಂದಿದೆ. ಕಡಿಯುವ ಹಿಂದಿನ ದಿನ ಆ ಪ್ರಾಣಿಗೆ ಏನಾಯಿತು, ಕಡಿದ ಮಾರನೆಯ ದಿನ ಮಾಂಸಕ್ಕೆ ಏನಾಯಿತು ಎಂಬುದು.

ಎಮ್ಮೆಗೆ ಬೆವರಿನ ಗ್ರಂಥಿಗಳು ದನಕ್ಕಿಂತ ತೀರಾ ಕಮ್ಮಿ. ಅದಕ್ಕೇ ಕೆರೆ, ಕೆಸರು ಹುಡುಕಿಕೊಂಡು ಹೋಗುತ್ತದೆ. ಅಂಥ ಪ್ರಾಣಿಯನ್ನು ಬಿಸಿಲಲ್ಲಿ ಲಾರಿಗೆ ತುಂಬಿ, ನೀರಿಲ್ಲದೆ ಗಂಟೆಗಟ್ಟಲೆ ನಿಲ್ಲಿಸಿ ತಂದರೆ ಅದರ ಸ್ನಾಯುವಿನಲ್ಲಿದ್ದ ಗ್ಲೈಕೊಜನ್ ಎಂಬ ಶಕ್ತಿಯ ದಾಸ್ತಾನು ಬಹುಪಾಲು ಖಾಲಿಯಾಗುತ್ತದೆ. ಗ್ಲೈಕೊಜನ್ ಇದ್ದರೆ ಕಡಿದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾಂಸದ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 7ರಿಂದ 5.5ರ ಹತ್ತಿರಕ್ಕೆ ಇಳಿಯುತ್ತದೆ. ಮಾಂಸಕ್ಕೆ ಒಳ್ಳೆಯ ಬಣ್ಣ, ರುಚಿ, ಬಾಳಿಕೆ ಬರುವುದು ಈ ಇಳಿತದಿಂದ. ದಣಿದು ಹೆದರಿದ ಪ್ರಾಣಿಯಲ್ಲಿ ಪಿಎಚ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಮಾಂಸ ಕಪ್ಪಗೆ, ಗಟ್ಟಿಯಾಗಿ, ಅಂಟಂಟಾಗಿ ಉಳಿಯುತ್ತದೆ, ಬೇಗ ಕೆಡುತ್ತದೆ. ಪ್ರಾಣಿಗೆ ನೆರಳು, ನೀರು, ಒಂದು ದಿನದ ವಿಶ್ರಾಂತಿ ಕೊಡಿ ಅಂತ ನಾನು ಹೋದಲ್ಲೆಲ್ಲ ಹೇಳುತ್ತಿದ್ದೆ. ಕರುಣೆಯಿಂದ ಹೇಳುತ್ತಿದ್ದದ್ದು ಹೌದು, ಅದರ ಜೊತೆಗೆ ಮಾಂಸದ ಲೆಕ್ಕದಲ್ಲೂ ಅದೇ ಸರಿ.

ಕಡಿದ ಮೇಲೆ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಎಮ್ಮೆಯಂಥ ದೊಡ್ಡ ಪ್ರಾಣಿಯಲ್ಲಿ ಇದು ಬಿಡಲು ಒಂದು ದಿನವೋ ಅದಕ್ಕೂ ಹೆಚ್ಚೋ ಬೇಕು. ಆಮೇಲೆ ಮಾಂಸದೊಳಗಿನ ಕಿಣ್ವಗಳೇ ನಿಧಾನವಾಗಿ ಎಳೆಗಳನ್ನು ಕಡಿದು ಮೆತ್ತಗೆ ಮಾಡುತ್ತವೆ. ನಮ್ಮ ಅಂಗಡಿಗಳಲ್ಲಿ ರಾತ್ರಿ ಕಡಿದು ಬೆಳಿಗ್ಗೆ ಮಾರುತ್ತಾರೆ. ಫ್ರೆಶ್ ಅಂತ ನಾವು ಖುಷಿ ಪಡುತ್ತೇವೆ. ನಿಜಕ್ಕೂ ಅದು ಸೆಟೆದಿರುವ ಹೊತ್ತು. ಅದನ್ನು ನೀವು ನೇರ ಫ್ರೀಜರ್‌ಗೆ ಹಾಕಿದಿರಿ. ಸೆಟೆಯುವ ಕ್ರಿಯೆ ಮುಗಿಯುವ ಮೊದಲೇ ಹೆಪ್ಪುಗಟ್ಟಿದ ಮಾಂಸ, ಕರಗಿಸಿದಾಗ ಜೋರಾಗಿ ಮುದುಡುತ್ತದೆ, ನೀರು ಬಿಡುತ್ತದೆ. ಮೊದಲೇ ಮುದಿ ಮಾಂಸ, ಅದರ ಮೇಲೆ ಇದೂ ಸೇರಿತು.

ನಮ್ಮ ದೇಶ ರಫ್ತು ಮಾಡುವ ಎಮ್ಮೆ ಮಾಂಸವನ್ನು ಹೀಗೆ ಕಳಿಸುವುದಿಲ್ಲ. ಮೂಳೆ ತೆಗೆಯುವ ಮೊದಲು ಕನಿಷ್ಠ 24 ಗಂಟೆ ತಂಪು ಕೋಣೆಯಲ್ಲಿ ತೂಗುಹಾಕುತ್ತಾರೆ. ಪಿಎಚ್ 6ಕ್ಕಿಂತ ಕೆಳಗೆ ಬಂದಿದೆಯೇ ಅಂತ ಅಳೆಯುತ್ತಾರೆ. ಇದನ್ನು ಮಾಡುವುದು ಕಾಲುಬಾಯಿ ರೋಗದ ವೈರಸ್ ಸಾಯಲಿ ಅಂತ. ಆದರೆ ಮಾಂಸವೂ ಸುಧಾರಿಸುತ್ತದೆ. ಈ ಒಂದು ದಿನದ ತಂಪು ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟಿನವರ ತಟ್ಟೆಗೆ ಹೋಗುವ ಮಾಂಸಕ್ಕೆ ಸಿಗುತ್ತದೆ. ನಮ್ಮ ಊರಿನ ಅಂಗಡಿಗೂ ಸಿಗಬೇಕು.

ಮನೆಯಲ್ಲಿ ನೀವು ಮಾಡಬಹುದಾದ್ದು ಇಷ್ಟು. ಪರವಾನಗಿ ಇರುವ ಅಂಗಡಿಯಿಂದ ಬೆಳಿಗ್ಗೆ ಬೇಗ ತನ್ನಿ. ತೊಳೆಯದೆ, ಮುಚ್ಚಿದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, 4 ಡಿಗ್ರಿಯ ಒಳಗೆ, ಒಂದು ದಿನ ಇಡಿ. ಹೆಚ್ಚೆಂದರೆ ಎರಡು. ಆಮೇಲೆ ಬೇಯಿಸಿ ಅಥವಾ ಫ್ರೀಜರ್‌ಗೆ ಹಾಕಿ. ಹೊರದೇಶದ ಹೋಟೆಲುಗಳಂತೆ ಎರಡು ಮೂರು ವಾರ ಇಡುವ ಸಾಹಸ ಬೇಡವೇ ಬೇಡ. ಅದಕ್ಕೆ ಕಡಿಯುವಲ್ಲಿಂದಲೇ ಬೇರೆ ಮಟ್ಟದ ಶುಚಿ ಬೇಕು.

ಅಂಗಡಿಯಲ್ಲಿ ಯಾವ ಭಾಗ ಕೇಳಬೇಕು? ಬೇಗ ಬೇಯುವುದು ಬೇಕಿದ್ದರೆ ಅಂಡರ್‌ಕಟ್ ಕೇಳಿ. ಬೆನ್ನುಮೂಳೆಯ ಒಳಮಗ್ಗುಲಿನ ಉದ್ದನೆಯ ತುಂಡು ಅದು, ಕೆಲಸ ಮಾಡದ ಸ್ನಾಯು. ಮುದಿ ಪ್ರಾಣಿಯಲ್ಲೂ ತಕ್ಕಮಟ್ಟಿಗೆ ಮೆತ್ತಗಿರುತ್ತದೆ. ಸ್ಟೇಕ್ ಆಸೆ ತೀರದಿದ್ದರೆ ಅದೊಂದರಲ್ಲೇ ಮಾಡಿ. ಸಾರಿಗೆ ನಲ್ಲಿ (ಮೂಳೆ ಸಮೇತದ ಕಾಲಿನ ಮಾಂಸ) ಮತ್ತು ಭುಜ ಒಳ್ಳೆಯದು. ಅವುಗಳಲ್ಲಿ ನಾರು ಜಾಸ್ತಿ, ಆದರೆ ಹೊತ್ತು ಕೊಟ್ಟರೆ ಆ ನಾರೇ ಕರಗಿ ಸಾರು ಮಂದವಾಗುತ್ತದೆ. ಹಳೇ ದಿಲ್ಲಿಯ ನಿಹಾರಿ ಎಂಬ ಮಾಂಸದ ಸಾರನ್ನು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಇಡುವುದು ಇದಕ್ಕೇ. ಲಖನೌನವರು ಇನ್ನೊಂದು ದಾರಿ ಹಿಡಿದರು. ಎಮ್ಮೆ ಮಾಂಸವನ್ನು ನುಣ್ಣಗೆ ಅರೆದು, ಪರಂಗಿಕಾಯಿ ಬೆರೆಸಿ, ಬಾಯಲ್ಲಿಟ್ಟರೆ ಕರಗುವ ಕಬಾಬ್ ಮಾಡಿದರು. ಹೈದರಾಬಾದಿನ ಕಲ್ಯಾಣಿ ಬಿರಿಯಾನಿಗೆ ಎಮ್ಮೆ ಮಾಂಸವೇ ಆಗಬೇಕು, ಅದೂ ಚಿಕ್ಕ ಚಿಕ್ಕ ಚೌಕದ ತುಂಡು. ಆ ಹೆಸರು ನಮ್ಮ ಬಸವಕಲ್ಯಾಣದ ನವಾಬರಿಂದ ಬಂದದ್ದು ಅನ್ನುತ್ತಾರೆ. ಇವರೆಲ್ಲ ಎಮ್ಮೆ ಮಾಂಸದ ಸ್ವಭಾವ ತಿಳಿದು ಅಡುಗೆ ಮಾಡಿದವರು.

ಪರಂಗಿಕಾಯಿಯ ವಿಷಯದಲ್ಲಿ ಒಂದು ಎಚ್ಚರ. ಅದರಲ್ಲಿರುವ ಪಪೈನ್ ಎಂಬ ಕಿಣ್ವ ಬಹಳ ಜೋರು. ಒಂದು ಕೆಜಿಗೆ ಎರಡು ಚಮಚ ಅರೆದದ್ದು ಸಾಕು, ಒಂದು ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಮೇಲೆ ಹಿಟ್ಟಿನಂತಾಗುತ್ತದೆ, ಒಳಗೆ ಹಾಗೇ ಗಟ್ಟಿ. ಶುಂಠಿ ಇದಕ್ಕಿಂತ ಸೌಮ್ಯ. ಅದರಲ್ಲೂ ಮಾಂಸ ಮೆತ್ತಗೆ ಮಾಡುವ ಕಿಣ್ವ ಇದೆ. ನಾನು ಶುಂಠಿ ರಸವನ್ನೇ ಹಚ್ಚುತ್ತೇನೆ, ರುಚಿಯೂ ಕೆಡುವುದಿಲ್ಲ.

ಈಗ ಮತ್ತೆ ಚೊಯ್ಲಾಕ್ಕೆ ಬರೋಣ, ನಿಮ್ಮ ಆಸೆ ಶುರುವಾದದ್ದೇ ಅಲ್ಲಿಂದ. ನಮ್ಮಲ್ಲಿ ಸಿಗುವ ಬಲಿತ ಮಾಂಸಕ್ಕೆ ಬೇಯಿಸುವ ಬಗೆಯೇ ಸರಿ. ತೊಡೆಯ ಮಾಂಸ ಅರ್ಧ ಕೆಜಿ ತೆಗೆದುಕೊಳ್ಳಿ. ಬಿಳಿ ಪೊರೆ, ಕೊಬ್ಬು ತೆಗೆಯಿರಿ. ದೊಡ್ಡ ತುಂಡಾಗಿಯೇ ಉಪ್ಪು, ಶುಂಠಿ, ಮುಳುಗುವಷ್ಟು ನೀರು ಹಾಕಿ ಕುಕ್ಕರಿನಲ್ಲಿಡಿ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಗಂಟೆ ಬಿಡಿ. ಕೂಗು ಎಣಿಸಬೇಡಿ, ಗಡಿಯಾರ ನೋಡಿ. ತಾನಾಗಿ ಆರಲಿ. ಚಾಕು ಸಲೀಸಾಗಿ ಇಳಿಯದಿದ್ದರೆ ಇನ್ನೂ ಹತ್ತು ನಿಮಿಷ. ಆ ನೀರಿನಲ್ಲೇ ಮಾಂಸ ತಣ್ಣಗಾಗಲಿ, ಹೊರಗೆ ತೆಗೆದಿಟ್ಟರೆ ಒಣಗುತ್ತದೆ.

ಆಮೇಲೆ ನಾರು ಯಾವ ಕಡೆ ಓಡಿದೆ ನೋಡಿ, ಅದಕ್ಕೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿ. ಕಾದ ಕಬ್ಬಿಣದ ಕಾವಲಿಯ ಮೇಲೆ ಅಂಚು ಕಪ್ಪಾಗುವಷ್ಟು ಒಂದು ನಿಮಿಷ ಆಡಿಸಿ. ಬೋಗುಣಿಗೆ ಹಾಕಿ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಖಾರದ ಪುಡಿ, ಜೀರಿಗೆ ಪುಡಿ, ಉಪ್ಪು, ಹೆಚ್ಚಿದ ಈರುಳ್ಳಿ ಸೊಪ್ಪು ಸೇರಿಸಿ. ಸಾಸಿವೆ ಎಣ್ಣೆಯನ್ನು ಹೊಗೆಯಾಡುವ ತನಕ ಕಾಯಿಸಿ. ಅರ್ಧ ಚಮಚ ಮೆಂತ್ಯ ಹಾಕಿ ಕಡು ಕಂದಾಗಲಿ, ಚಿಟಿಕೆ ಅರಿಸಿನ ಹಾಕಿ ಕೂಡಲೇ ಮಾಂಸದ ಮೇಲೆ ಸುರಿಯಿರಿ. ಕೈಯಲ್ಲಿ ಚೆನ್ನಾಗಿ ಕಲೆಸಿ ಹತ್ತು ನಿಮಿಷ ಬಿಡಿ. ನೇವಾರರು ಇದನ್ನು ಅವಲಕ್ಕಿ ಜೊತೆ ತಿನ್ನುತ್ತಾರೆ. ನಮ್ಮ ಗಟ್ಟಿ ಅವಲಕ್ಕಿಯನ್ನು ಬರಿ ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಸಾಕು. ಉಳಿದ ಬೇಯಿಸಿದ ನೀರನ್ನು ಚೆಲ್ಲಬೇಡಿ, ಮೆಣಸು ಕುಟ್ಟಿ ಹಾಕಿ ಪಕ್ಕದಲ್ಲಿ ಬಿಸಿಯಾಗಿ ಕುಡಿಯಿರಿ.